ಪಾಲಿಗೆ ಸಾಕಿದ ಹವಳ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನೀರಿನ ಅಂಕಿಗಳ ಬಗ್ಗೆ ನನಗೆ ಅನುಮಾನವಿಲ್ಲ. ಉಪ್ಪೆಷ್ಟು, ಬಿಸಿಯೆಷ್ಟು, ಫಾಸ್ಫೇಟ್ ಎಷ್ಟು ಎಂದು ದಿನವೂ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಯಾರು ಯಾವತ್ತು ಏನಂದರು ಎನ್ನುವುದನ್ನು ಮಾತ್ರ ಬರೆದಿಲ್ಲ, ನಮ್ಮ ಮನೆಯಲ್ಲಿ ಜಗಳ ಆದದ್ದೆಲ್ಲ ಅದರ ಮೇಲೆಯೇ. ಹವಳ ಬಂದದ್ದು ಭಾನುವಾರ ಎಂದು ನನ್ನ ನೆನಪು. ಚಿಕ್ಕವ್ವ ಶನಿವಾರ ಅನ್ನುತ್ತಾಳೆ, ಯಾಕೆಂದರೆ ಅವತ್ತು ಅವಳು ಒಪ್ಪೊತ್ತು ಇದ್ದಳಂತೆ. ನೋಟ್‌ಬುಕ್ಕಿನಲ್ಲಿ ಎರಡೂ ದಿನದ ಹಾಳೆಗಳಿವೆ. ಎರಡರಲ್ಲೂ ನೀರಿನ ಬಿಸಿ ಇಪ್ಪತ್ತಾರು ಡಿಗ್ರಿ ಎಂದಿದೆ, ಹವಳದ ಸುದ್ದಿಯೇ ಇಲ್ಲ. ಮನೆಗೆ ಹೊಸ ಜೀವವೊಂದು ಬಂದ ದಿನ ಅದನ್ನು ಬಿಟ್ಟು ಬಿಸಿಯನ್ನು ಬರೆದಿಟ್ಟವಳು ನಾನು. ಅಂಥವಳ ನೆನಪನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಚಿಕ್ಕವ್ವ ನನ್ನ ತಾಯಿಯ ತಂಗಿ. ಯಲಿಯೂರಿನಲ್ಲಿ ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಬದುಕಿದವಳು. ಮಂಡಿನೋವು ಹೆಚ್ಚಾದ ಮೇಲೆ ಕೊನೆಯ ಹಸುವನ್ನೂ ಕೊಟ್ಟು ಮಂಡ್ಯಕ್ಕೆ ಬಂದು ನನ್ನ ಜೊತೆ ಇದ್ದಾಳೆ. ಮನೆಯಲ್ಲಿ ನಾವಿಬ್ಬರೇ. ನಾನು ಮಳವಳ್ಳಿಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ, ಮದ್ದೂರಿನಲ್ಲಿ ಬಸ್ಸು ಬದಲಿಸಿಕೊಂಡು ವಾಪಸ್ಸು ಬರುವುದು ಸಂಜೆಗೆ. ಅಷ್ಟು ಹೊತ್ತೂ ಮನೆಯಲ್ಲಿ ಇರುವುದು ಚಿಕ್ಕವ್ವ, ಮತ್ತು ನಡುಮನೆಯ ಗೋಡೆಗೆ ಸೇರಿಸಿ ಇಟ್ಟಿರುವ ನಾಲ್ಕಡಿಯ ಗಾಜಿನ ತೊಟ್ಟಿ.

ತೊಟ್ಟಿಯಲ್ಲಿರುವುದು ಉಪ್ಪುನೀರು. ಪ್ಯಾಕೆಟ್ಟಿನಲ್ಲಿ ಬರುವ ಸಮುದ್ರದ ಉಪ್ಪನ್ನು ಫಿಲ್ಟರ್ ನೀರಿಗೆ ಕದಡಿ, ಅಳತೆ ನೋಡಿ ತುಂಬಿಸಬೇಕು. ನೀರು ಆವಿಯಾದಷ್ಟೂ ಫಿಲ್ಟರ್ ನೀರನ್ನೇ ಮತ್ತೆ ಸೇರಿಸಬೇಕು. ಕರೆಂಟು ಹೋದರೆ ಪಂಪು ನಿಲ್ಲದಂತೆ ಯುಪಿಎಸ್ ಇಡಬೇಕು, ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನು ಹಾಕಬೇಕು. ಇಷ್ಟೆಲ್ಲ ಮಾಡಿ ಸಾಕುವುದು ನಾಲ್ಕು ಮೀನು, ಒಂದಿಷ್ಟು ಕಲ್ಲು, ಕಲ್ಲಿನ ಮೇಲೆ ಕೂತ ಮೆತ್ತನೆಯ ಹವಳಗಳು. ಕಲ್ಲಿನಂತೆ ಗಟ್ಟಿಯಾಗುವ ಹವಳವನ್ನು ಮನೆಯಲ್ಲಿ ಇಡುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಇವು ಬೇರೆ, ಚರ್ಮದಂತೆ ಮೆದು. ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಮೀನನ್ನು ತಿನ್ನಬಹುದೇ ಎಂದು. ಎರಡನೆಯ ಪ್ರಶ್ನೆ ಇದರಿಂದ ಏನು ಬರುತ್ತದೆ ಎಂದು. ಏನೂ ಬರುವುದಿಲ್ಲ ಅಂದರೆ ನನ್ನ ಮುಖವನ್ನು ಒಂದು ಥರ ನೋಡಿ ಚಿಕ್ಕವ್ವನ ಕಡೆ ತಿರುಗುತ್ತಾರೆ.

ಆ ತೊಟ್ಟಿ ಮಾಡಿಕೊಟ್ಟವರು ಮದ್ದೂರಿನ ಗಾಜಿನ ಅಂಗಡಿಯವರು. ಕಿಟಕಿ ಗಾಜು ಕತ್ತರಿಸುವುದು, ಫೋಟೋಗೆ ಕಟ್ಟು ಹಾಕುವುದು ಅವರ ಕಸುಬು. ಮೀನಿನ ತೊಟ್ಟಿ ಅವರ ಹುಚ್ಚು. ಬಸ್ಸು ಬದಲಿಸುವ ಹೊತ್ತಿನಲ್ಲಿ ಅಂಗಡಿಗೆ ಹೊಕ್ಕು ಹೊಕ್ಕು ಆ ಹುಚ್ಚು ನನಗೂ ಹತ್ತಿತು. ನಾನು ಅವರನ್ನು ಭಾಯಿ ಅನ್ನುತ್ತೇನೆ, ಅವರು ನನ್ನನ್ನು ಮೇಡಂ ಅನ್ನುತ್ತಾರೆ. ಅಂಗಡಿಯ ಹಿಂಭಾಗದಲ್ಲಿ ಅವರದೂ ಒಂದು ಉಪ್ಪುನೀರಿನ ತೊಟ್ಟಿ ಇತ್ತು. ಅದರ ನಡುವೆ ಊಟದ ತಟ್ಟೆಯಷ್ಟು ಅಗಲದ ಅಣಬೆ ಹವಳ. ದಪ್ಪ ಕಾಂಡ, ಮೇಲೆ ಕೊಡೆಯಂಥ ತಲೆ, ತಲೆಯ ತುಂಬ ಕೂದಲಿನಷ್ಟು ಸಣ್ಣ ಎಸಳುಗಳು. ಬೆಳಕು ಬಿದ್ದರೆ ಎಸಳುಗಳೆಲ್ಲ ಹೊರಬಂದು ನೀರಿಗೆ ತೂಗುತ್ತವೆ. ಅದು ಅವರು ಹನ್ನೊಂದು ವರ್ಷ ಸಾಕಿದ್ದು. ಅದರ ತಲೆಯಿಂದ ತುಂಡು ಕೊಯ್ದು ಬೇರೆ ಕಲ್ಲಿಗೆ ಕಟ್ಟಿದರೆ ಆ ತುಂಡೇ ಹೊಸ ಹವಳವಾಗಿ ಬೆಳೆಯುತ್ತದೆ.

ಅಂಗಡಿಯ ಕಟ್ಟಡವನ್ನು ಅದರ ಮಾಲೀಕರು ಕೆಡವಿ ಹೊಸದಾಗಿ ಕಟ್ಟಿಸಲು ಹೊರಟಾಗ ತೊಟ್ಟಿ ಇಡಲು ಅವರಿಗೆ ಜಾಗವಿಲ್ಲದೆ ಹೋಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ, ಭಾನುವಾರವೋ ಶನಿವಾರವೋ, ಪೇಂಟಿನ ಬಕೆಟ್ಟಿನಲ್ಲಿ ಹವಳವನ್ನಿಟ್ಟುಕೊಂಡು ಗಾಡಿಯಲ್ಲಿ ಮಂಡ್ಯಕ್ಕೆ ಬಂದರು.

"ಅಂಗ್ಡಿ ಎದ್ದೇಳೋವರ್ಗೂ ಇದು ನಿಮ್ಮನೇಲಿರ್ಲಿ ಮೇಡಂ. ಬೆಳ್ದು ತುಂಡು ಮಾಡ್ದಾಗ ಅರ್ಧ ನಿಮ್ದು, ಅರ್ಧ ನಂದು. ತಾಯಿ ಮಾತ್ರ ನಂದು."

ಚಿಕ್ಕವ್ವ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಅಲ್ಲಿಯವರೆಗೂ ತೊಟ್ಟಿಯ ವಿಷಯಕ್ಕೆ ಬಾಯಿ ಹಾಕದವಳು ಅವತ್ತು ಹಾಕಿದಳು.

"ಅಂಗಂದ್ರೆ ವಾರಕ್ಕೆ ಕೊಡ್ತಾ ಇವ್ನಿ ಅನ್ನಿ ಸಾಬ್ರೇ."

"ಹ್ಞೂನಮ್ಮ, ವಾರಕ್ಕೇ ಅನ್ಕೊಳಿ."

ವಾರಕ್ಕೆ ಕೊಡುವುದು ಅಂದರೆ ನಮ್ಮ ಕಡೆ ಪಾಲಿಗೆ ಸಾಕಲು ಕೊಡುವುದು. ಹಸು ಇದ್ದು ಹುಲ್ಲಿಲ್ಲದವರು, ಹುಲ್ಲಿದ್ದು ಹಸು ಇಲ್ಲದವರ ಮನೆಗೆ ಒಂದು ಕಡಸನ್ನು ಬಿಡುತ್ತಾರೆ. ಸಾಕಿದವರಿಗೂ ಕೊಟ್ಟವರಿಗೂ ಕರುಗಳಲ್ಲಿ ಪಾಲು, ಕೇಳಿದಾಗ ತಾಯಿ ಮಾತ್ರ ವಾಪಸ್ಸು. ಕಾಗದ ಪತ್ರ ಏನೂ ಇಲ್ಲ. ಇರುವ ಕಟ್ಟಳೆ ಒಂದೇ, ಬಂದ ದನ ಬಂದದ್ದಕ್ಕಿಂತ ಬಡಕಲಾಗಿ ಹೋಗಬಾರದು. ಹೋದರೆ ಆ ಮನೆಗೆ ಮತ್ತೆ ಯಾರೂ ದನ ಕಟ್ಟುವುದಿಲ್ಲ. ಚಿಕ್ಕವ್ವ ಅಂಥ ಮೂರು ಹಸುಗಳನ್ನು ಸಾಕಿ ವಾಪಸ್ಸು ಕೊಟ್ಟವಳು. ನಮ್ಮ ನಡುಮನೆಯಲ್ಲಿ ನಿಂತು ಅವರಿಬ್ಬರೂ ಹವಳದ ಬಗ್ಗೆ ಹೀಗೆ ಮಾತಾಡಿಕೊಂಡದ್ದು ನನಗೆ ತಮಾಷೆಯಾಗಿ ಕಂಡಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೆ ಕೂಡ. ಇಬ್ಬರಲ್ಲಿ ಒಬ್ಬರಿಗೂ ಅದು ತಮಾಷೆಯಲ್ಲ ಎಂದು ನನಗೆ ಹೊಳೆಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕಲ್ಲುಗಳ ಮೇಲೆ ಹಸಿರು ಕಾಣಿಸಿತು. ಮೊದಲು ಹಸಿರು ಬಣ್ಣದ ಧೂಳಿನಂತೆ, ಆಮೇಲೆ ಕೂದಲಿನಂತೆ. ಕೂದಲು ಪಾಚಿ ಎಲ್ಲ ತೊಟ್ಟಿಯಲ್ಲೂ ಒಂದು ಸಲ ಬಂದು ಹೋಗುತ್ತದೆ ಎಂದು ಓದಿದ್ದೆ, ಆದ್ದರಿಂದ ಎರಡು ವಾರ ಸುಮ್ಮನಿದ್ದೆ. ಅದು ಹೋಗಲು ಬಂದದ್ದಲ್ಲ. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದರೆ ಪಾಚಿ ಬೆಳೆಯುತ್ತದೆ. ಪರೀಕ್ಷೆ ಸುಲಭ, ಐದು ಮಿಲಿ ನೀರಿಗೆ ಪುಡಿ ಹಾಕಿ ಅಲ್ಲಾಡಿಸಿದರೆ ನೀಲಿ ಬರುತ್ತದೆ, ನೀಲಿ ಗಾಢವಾದಷ್ಟೂ ಕೆಟ್ಟದ್ದು. ನನ್ನ ನೀರು ಬಟ್ಟೆಗೆ ಹಾಕುವ ನೀಲಿಯ ಹಾಗೆ ಇತ್ತು.

ಆಮೇಲೆ ನಾನು ಮಾಡಿದ ಕೆಲಸಗಳನ್ನು ನೆನೆದರೆ ಈಗಲೂ ಮೈಯುರಿಯುತ್ತದೆ. ಮೀನಿನ ಆಹಾರವನ್ನು ಅರ್ಧ ಮಾಡಿದೆ. ನೀರಿನ ಫಿಲ್ಟರು ಕೆಟ್ಟಿದೆ ಎಂದು ಮಂಡ್ಯದ ಮೆಕ್ಯಾನಿಕ್ಕನನ್ನು ಕರೆಸಿದೆ. ಆತ ಚೆನ್ನಾಗಿದೆ ಎಂದ. ನಾನು ಒಪ್ಪದೆ ಒಳಗಿನ ಪೊರೆ ಬದಲಿಸಲು ಹೇಳಿದೆ. ಬದಲಿಸುತ್ತಾ ಆತ "ನಿಮ್ಮಿಷ್ಟ ಮೇಡಂ, ಅಳೇದೇ ಚೆನ್ನಾಗಿತ್ತು" ಎಂದು ಮೂರು ಸಲ ಹೇಳಿದ. ಉಪ್ಪಿನ ಕಂಪನಿ ಬದಲಿಸಿದೆ. ಲೈಟಿನ ಹೊತ್ತನ್ನು ಒಂಬತ್ತು ಗಂಟೆಯಿಂದ ಆರಕ್ಕೆ ಇಳಿಸಿದೆ. ಬೆಂಗಳೂರಿನಿಂದ ಪಾಚಿ ಮೇಯುವ ಬಸವನಹುಳು ತರಿಸಿದೆ. ಅವು ಗಾಜಿನ ಮೇಲೆ ಓಡಾಡಿಕೊಂಡಿದ್ದವು, ಪಾಚಿಯ ಹತ್ತಿರ ಸುಳಿಯಲಿಲ್ಲ. ಪ್ರತಿ ಭಾನುವಾರ ತೋಳು ಮಡಚಿ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತಿಕ್ಕಿ, ಪೈಪಿನಿಂದ ಪಾಚಿ ಎಳೆದು, ನೀರು ಬದಲಿಸಿದೆ. ಸೋಮವಾರ ಚೊಕ್ಕಟ, ಗುರುವಾರಕ್ಕೆ ಮತ್ತೆ ಹಸಿರು.

ಯುಗಾದಿ ಕಳೆದ ಮೇಲೆ ತೊಟ್ಟಿಗೆ ಮೂರು ದಿನ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಬೆಳಕಿಲ್ಲದಿದ್ದರೆ ಪಾಚಿ ಸಾಯುತ್ತದೆ, ಹವಳ ತಡೆದುಕೊಳ್ಳುತ್ತದೆ.

"ಜೀವ ಇರೋದ್ನ ಕತ್ಲೇಲಿ ಕೂಡಾಕ್ತೀಯಲ್ಲ ಮಗ," ಅಂದಳು ಚಿಕ್ಕವ್ವ.

"ಅದು ಔಷಧಿ ಥರ ಚಿಕ್ಕವ್ವ. ನೀನು ಹಾಳೆ ಎತ್ತಬೇಡ."

"ನಾನ್ಯಾಕೆ ಎತ್ತನೆ."

ಮೂರು ದಿನ ಆದ ಮೇಲೆ ಹಾಳೆ ತೆಗೆದರೆ ಪಾಚಿ ಸ್ವಲ್ಪ ಬೆಳ್ಳಗಾಗಿತ್ತು. ನೀರಿನ ನೀಲಿ ಮೊದಲಿಗಿಂತ ಗಾಢವಾಗಿತ್ತು. ಪಾಚಿ ಕೊಳೆತು ಫಾಸ್ಫೇಟ್ ಬಿಟ್ಟಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆ. ವಿವರಣೆ ತಪ್ಪಲ್ಲ. ಆದರೆ ಎಷ್ಟು ಬೇಗ ನನಗೆ ವಿವರಣೆ ಸಿಕ್ಕಿಬಿಡುತ್ತದೆ ಎನ್ನುವುದನ್ನು ಈಗ ಓದಿದಾಗ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಅಣಬೆ ಹವಳ ಮುಚ್ಚಿಕೊಂಡಿತ್ತು. ಅದು ಆಗಾಗ ಎಸಳು ಒಳಗೆಳೆದುಕೊಂಡು ಮೇಣದಂಥ ಪೊರೆ ಕಳಚುವ ಜೀವ, ನಾಲ್ಕೈದು ದಿನ ಸತ್ತ ಹಾಗೆ ಇದ್ದು ಮತ್ತೆ ಅರಳುತ್ತದೆ. ಈ ಸಲ ಮೂರು ವಾರವಾದರೂ ಅರಳಲಿಲ್ಲ. ಪೊರೆಯ ಮೇಲೆಯೇ ಪಾಚಿ ಹತ್ತಿತು. ತಲೆಯ ಒಂದು ಅಂಚು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೆ ಲೋಳೆಯಾಗಿ ಬರತೊಡಗಿತು.

ಮದ್ದೂರಿನಲ್ಲಿ ಬಸ್ಸಿಳಿದರೆ ಭಾಯಿ ಎದುರಾಗುತ್ತಾರೆ ಎಂದು ಆ ದಿನಗಳಲ್ಲಿ ನಾನು ನಿಲ್ದಾಣದ ಒಳಗೇ ಕಂಬದ ಮರೆಯಲ್ಲಿ ನಿಲ್ಲುತ್ತಿದ್ದೆ. ಅವರು ಫೋನು ಮಾಡಿ "ನಮ್ಮ ಅಣಬೆ ಹೆಂಗಿದೆ ಮೇಡಂ" ಎಂದು ಕೇಳಿದ್ದರು. ಚೆನ್ನಾಗಿದೆ ಅಂದೆನೋ, ಇದೆ ಅಂದೆನೋ, ನನಗೆ ಗೊತ್ತಿಲ್ಲ. ಇದೆ ಅಂದಿರಬೇಕು ಎಂದು ನಂಬಲು ನನಗಿಷ್ಟ. ಕೊನೆಗೆ ಒಂದು ಸಂಜೆ ಕಂದು ಅಂಚು ಅಂಗೈಯಗಲ ಆಗಿದ್ದನ್ನು ಕಂಡು ನಾನೇ ಫೋನು ಮಾಡಿ, ಬನ್ನಿ ಭಾಯಿ, ಹೋಗ್ತಾ ಇದೆ ಅಂದೆ.

ಮರುದಿನ ಬೆಳಿಗ್ಗೆಯೇ ಬಂದರು. ಬೇಸಿಗೆ ರಜೆ, ನಾನೂ ಮನೆಯಲ್ಲಿದ್ದೆ. ಚಪ್ಪಲಿ ಬಿಟ್ಟವರೇ ಸೀದಾ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ನಾನು ನೋಟ್‌ಬುಕ್ಕು ತಂದು ತೋರಿಸಿದೆ. ಫಿಲ್ಟರು, ಉಪ್ಪು, ಲೈಟು, ಆಹಾರ, ಎಲ್ಲ ಹೇಳಿದೆ. ಹೇಳುತ್ತಾ ನನ್ನ ದನಿ ಏರಿತು. ಇಷ್ಟೆಲ್ಲ ಮಾಡಿದ ಮೇಲೂ ಫಾಸ್ಫೇಟ್ ಎಲ್ಲಿಂದ ಬರುತ್ತದೆ, ಆಕಾಶದಿಂದ ಉದುರುತ್ತದೆಯೇ ಎಂದು ಕೇಳಿದೆನಂತೆ. ಚಿಕ್ಕವ್ವ ಹೇಳುವ ಪ್ರಕಾರ ಅದನ್ನು ಕಿರುಚಿದೆನಂತೆ.

ಭಾಯಿ ನೋಟ್‌ಬುಕ್ಕನ್ನು ಮುಚ್ಚಿ ಪಕ್ಕಕ್ಕಿಟ್ಟರು. ಕಾಫಿ ಲೋಟ ಹಿಡಿದು ಬಂದ ಚಿಕ್ಕವ್ವನನ್ನು ನೋಡಿ ಸಹಜವಾಗಿ ಕೇಳಿದರು.

"ಅಮ್ಮ, ನೀವೇನು ಹಾಕ್ತೀರಿ ಇದಕ್ಕೆ?"

"ನಾನೇನ್ ಆಕನೆ. ಅಕ್ಕಿ ತೊಳ್ದಿದ್ದು ಆಕ್ತೀನಿ. ಮೊದಲ್ನೇದಲ್ಲ, ಎರಡ್ನೇ ನೀರು. ಮೊದಲ್ನೇದ್ರಲ್ಲಿ ಧೂಳಿರ್ತದೆ."

ನಾನು ಅವಳ ಮುಖ ನೋಡಿದೆ. ಅವಳು ಭಾಯಿಯ ಮುಖ ನೋಡುತ್ತಿದ್ದಳು, ಹೊಗಳಿಸಿಕೊಳ್ಳಲು ಕಾದವಳ ಹಾಗೆ.

"ದಿನಾಲೂ?"

"ದಿನಾ ಒಂದ್ ಸಣ್ ಲೋಟ. ಇವ್ಳು ಕಾಲೇಜಿಗೋದ್ಮೇಲೆ ಅನ್ನಕ್ಕಿಡ್ತೀನಲ್ಲ, ಆಗ. ನಿಮ್ ದನ ಕಟ್ಕೊಂಡು ಒಟ್ಟೆಗಿಲ್ದಂಗೆ ಇಕ್ಕಕ್ಕಾಯ್ತದಾ. ಇವ್ಳು ನೋಡುದ್ರೆ ಚಿಟಿಕೆ ಚಿಟಿಕೆ ಆಕ್ತಾಳೆ, ಅದೂ ಮೀನ್ಗೆ. ಅಣಬೆಗೆ ಏನ್ ಆಕ್ತಾಳೆ ಅಂತ ನೋಡ್ದೆ. ಏನೂ ಇಲ್ಲ. ಬರೀ ಲೈಟು."

ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುವುದು ಚಿಕ್ಕವ್ವನಿಗೆ ಆಗದ ಕೆಲಸ. ಊರಿನಲ್ಲಿ ಅದು ಕಲಗಚ್ಚಿನ ಬಾನಿಗೆ ಹೋಗಿ, ಗಂಜಿ ತಿಳಿ ತೌಡಿನ ಜೊತೆ ಸೇರಿ ಹಸುವಿನ ಬಾಯಿಗೆ ಹೋಗುತ್ತಿತ್ತು. ಮಂಡ್ಯಕ್ಕೆ ಬಂದ ಮೇಲೂ ಅವಳು ಒಂದು ಬಕೆಟ್ಟಿನಲ್ಲಿ ಕೂಡಿಟ್ಟು ಹಿಂದಿನ ರಸ್ತೆಯಲ್ಲಿ ಹಸು ಕಟ್ಟಿದ್ದ ಮನೆಗೆ ಕೊಡುತ್ತಿದ್ದಳು. ಅವರು ಹಸು ಮಾರಿದ್ದು ಅದೇ ದೀಪಾವಳಿಯ ಆಸುಪಾಸಿನಲ್ಲಿ. ಬಕೆಟ್ಟು ಬಾಗಿಲ ಬಳಿ ಇಲ್ಲದ್ದನ್ನು ನಾನು ಆರು ತಿಂಗಳು ಗಮನಿಸಿರಲಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ ಫಾಸ್ಫೇಟ್ ಇರುತ್ತದೆ, ಗಿಡಕ್ಕೆ ಅದಕ್ಕೇ ಒಳ್ಳೆಯದು. ನಾನು ಮಕ್ಕಳಿಗೆ ಹೇಳಿಕೊಡುವ ವಿಷಯವೇ ಇದು. ಪೊರೆ ಬದಲಿಸಿದ್ದೆ, ಉಪ್ಪು ಬದಲಿಸಿದ್ದೆ, ಇಡೀ ದಿನ ತೊಟ್ಟಿಯ ಪಕ್ಕ ಇರುವವಳನ್ನು ಒಂದು ಮಾತು ಕೇಳಿರಲಿಲ್ಲ.

"ಕತ್ಲೆ ಮಾಡಿದ್ನಲ್ಲ, ಮೂರು ದಿನ, ಆವಾಗ್ಲೂ ಹಾಕ್ದ್ಯಾ?"

"ಹಾಳೆ ಎತ್ಬೇಡ ಅಂದೆ. ಎತ್ಲಿಲ್ಲ ಕಣವ್ವ. ಸಂದೀಲಿ ಬುಟ್ಟೆ."

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಚಿಕ್ಕವ್ವ."

"ಕೇಳ್ದೆ ಆಕಿದ್ನಾ? ಮೊದಲ್ನೇ ದಿನಾನೇ ಕೇಳ್ದೆ. ನೀನು ಅಲ್ಲಿ ಪೇಪರ್ ತಿದ್ಕೊಂಡು ಕೂತಿದ್ದೆ. ಆಕ್ಲಾ ಮಗ ಅಂದೆ. ನೀನು ಹ್ಞೂ ಹಾಕು ಅಂದೆ."

"ನಾನು ಹಾಗೆ ಅನ್ನಲ್ಲ."

"ಅಂದೆ ಕಣೆ. ತಲೆ ಎತ್ದೆ ಅಂದೆ."

ತಲೆ ಎತ್ತದೆ ಎನ್ನುವ ಮಾತು ನನ್ನನ್ನು ಕಟ್ಟಿಹಾಕಿತು, ಯಾಕೆಂದರೆ ಪೇಪರ್ ತಿದ್ದುವಾಗ ನಾನು ತಲೆ ಎತ್ತುವುದಿಲ್ಲ. ಅವಳು ಕೇಳಿದ್ದು ಬೇರೇನೋ, ಕಾಫಿಗೆ ಸಕ್ಕರೆ ಹಾಕಲೇ ಎಂದು ಕೇಳಿರಬಹುದು, ನಾನು ಹ್ಞೂ ಅಂದಿರಬಹುದು, ಆಮೇಲೆ ಅವಳ ನೆನಪು ಅದನ್ನು ಇದಕ್ಕೆ ಹೊಂದಿಸಿಕೊಂಡಿರಬಹುದು. ಅಥವಾ ನಾನು ನಿಜವಾಗಿಯೂ ಅಂದಿರಬಹುದು. ಆ ವಾರದ ಹಾಳೆಗಳನ್ನು ತಿರುವಿ ನೋಡಿದೆ. ಉಪ್ಪು ಸರಿ, ಬಿಸಿ ಸರಿ ಎಂದಿದೆ.

ನಾವಿಬ್ಬರೂ ಇನ್ನೂ ವಾದಿಸುತ್ತಿರುವಾಗಲೇ ಭಾಯಿ ಬ್ಲೇಡು ತೆಗೆದರು. ಕೊಳೆತ ಅಂಚು ಹಾಗೇ ಬಿಟ್ಟರೆ ಕಾಂಡಕ್ಕೆ ಇಳಿಯುತ್ತದೆ, ತಲೆಯನ್ನೇ ತೆಗೆಯಬೇಕು ಅಂದರು. ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು, ಹವಳವನ್ನು ಕಲ್ಲಿನ ಸಮೇತ ಬೇಸಿನ್ನಿಗೆ ಎತ್ತಿ, ಕೊಡೆಯಂಥ ತಲೆಯನ್ನು ಕಾಂಡದಿಂದ ಕೊಯ್ದು ತೆಗೆದರು. ಹನ್ನೊಂದು ವರ್ಷದ್ದು ಅಷ್ಟೇ ಸಲೀಸಾಗಿ ಬಂತು, ಪನೀರು ಕತ್ತರಿಸಿದ ಹಾಗೆ. ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ, ಚಿಕ್ಕವ್ವ ಮುಚ್ಚಿಕೊಳ್ಳಲಿಲ್ಲ. ತಲೆಯಲ್ಲಿ ಚೆನ್ನಾಗಿದ್ದ ಭಾಗವನ್ನು ಎರಡು ತುಂಡು ಮಾಡಿ ಒಂದೊಂದನ್ನು ಸಣ್ಣ ಕಲ್ಲಿಗಿಟ್ಟು ಬಲೆಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ತೊಟ್ಟಿಗೇ ಇಳಿಸಿದರು. ಉಳಿದದ್ದು ಹೆಬ್ಬೆರಳು ಉದ್ದದ ಮೋಟು ಕಾಂಡ.

"ಇದರಲ್ಲಿ ತಲೆ ಬಂದ್ರೆ ಉಳೀತು," ಅಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೋಗುವಾಗ, ಹಳೆಯ ಮಾತಿನಂತೆ, ಎರಡು ತುಂಡಿನಲ್ಲಿ ಒಂದು ನಿಮ್ಮದು ಮೇಡಂ ಅಂದರು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕವ್ವ ಅಡ್ಡ ಬಂದಳು.

"ಅದೆಂಗಾಯ್ತದೆ ಸಾಬ್ರೇ. ಇವು ಕರ ಅಲ್ಲ, ಕೈಕಾಲು. ಕೈಕಾಲ್ನಲ್ಲಿ ಪಾಲು ತಕಂಡವ್ರು ಯಾರವ್ರೆ. ಎಲ್ಡೂ ನಿಮ್ದೇ."

"ಇರ್ಲಿ ಬುಡಮ್ಮ."

"ಇರಕ್ಕಿಲ್ಲ. ತಾಯ್ಗೆ ತಲೆ ಬರ್ಸಿ ಕೊಡ್ತೀವಿ, ಆಗ ಎಲ್ಲಾನೂ ತಕಂಡೋಗಿ."

ಕೊಡ್ತೀವಿ ಎಂದು ಬಹುವಚನದಲ್ಲಿ ಅವಳು ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ತಲೆ ಕಳೆದವರು ಯಾರು, ಬರಿಸುವವರು ಯಾರು. ಅವರು ಗಾಡಿ ಹತ್ತಿದ ಮೇಲೆ ನಾನು ಅವಳ ಮುಂದೆ ಆ ಸಣ್ಣ ಲೋಟವನ್ನು ಇಟ್ಟು, ಇನ್ನು ಮೇಲೆ ಈ ತೊಟ್ಟಿಗೆ ನೀರು, ಅನ್ನ, ಅಕ್ಕಿ, ಕುಂಕುಮ, ಏನೂ ಬೀಳಬಾರದು ಎಂದು ಪಾಠದ ಹಾಗೆ ಹೇಳಿದೆ. ಅವಳು ಲೋಟ ತೆಗೆದುಕೊಂಡು ಹೋಗಿ ತೊಳೆದು ಬೋರಲು ಹಾಕಿದಳು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದಳು, ಮೋರಿಗೆ ಚೆಲ್ಲಿದರೆ ಆಗಬಹುದೋ ಅಥವಾ ಮೋರಿಗೂ ಫಾಸ್ಫೇಟ್ ಆಗುವುದಿಲ್ಲವೋ ಎಂದು ಕೇಳಲು.

ಆಮೇಲಿನದು ನನ್ನ ಸರದಿ. ಫಾಸ್ಫೇಟ್ ಹೀರುವ, ಕಬ್ಬಿಣದ ತುಕ್ಕಿನಿಂದ ಮಾಡಿದ ಕಂದು ಹರಳುಗಳು ಸಿಗುತ್ತವೆ. ಅವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆ ಇಳಿಬಿಟ್ಟೆ. ಭಾನುವಾರದ ಬ್ರಷ್ಷು, ಪೈಪು, ನೀರು ಬದಲಾವಣೆ ಬಿಡಲಿಲ್ಲ. ನೀಲಿ ವಾರ ವಾರಕ್ಕೂ ತೆಳುವಾಗಿ, ಕಾಲೇಜು ಶುರುವಾದ ತಿಂಗಳಲ್ಲಿ ಪರೀಕ್ಷೆಯ ನಳಿಕೆ ನೀರಿನಷ್ಟೇ ತಿಳಿಯಾಯಿತು. ಸೊನ್ನೆ. ಪಾಚಿ ಬೆಳ್ಳಗಾಗಿ ಕಲ್ಲಿನಿಂದ ತಾನಾಗಿ ಬಿಟ್ಟುಕೊಂಡಿತು. ನಾನು ಗೆದ್ದೆ ಎಂದುಕೊಂಡೆ. ಕಲ್ಲುಗಳು ಹೊಸದರ ಹಾಗೆ ಇದ್ದವು, ಅದರ ಮಧ್ಯೆ ಮೋಟು ಕಾಂಡ ಬಿಳಿಚಿಕೊಂಡು ನಿಂತಿತ್ತು. ಬಲೆ ಸುತ್ತಿದ ಎರಡು ತುಂಡುಗಳಲ್ಲಿ ಒಂದು ಕರಗಿಹೋಯಿತು. ಇನ್ನೊಂದು ಕಲ್ಲಿಗೆ ಕಚ್ಚಿಕೊಂಡಿತು, ಆದರೆ ಎಸಳು ಬಿಡಲಿಲ್ಲ.

ಏನೂ ಇಲ್ಲದ ನೀರಿನಲ್ಲೂ ಹವಳ ಸೊರಗುತ್ತದೆ ಎಂದು ಓದಿ ಗೊತ್ತಿತ್ತು. ಚೂರು ಫಾಸ್ಫೇಟ್ ಬೇಕು, ಹೆಚ್ಚು ಬೇಡ. ಆದರೆ ಹರಳಿನ ಚೀಲ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಆ ನಾಲ್ಕು ತಿಂಗಳ ಹಸಿರು ಕಣ್ಣ ಮುಂದೆ ಬರುತ್ತಿತ್ತು. ಇವತ್ತು ತೆಗೆಯುತ್ತೇನೆ, ನಾಳೆ ತೆಗೆಯುತ್ತೇನೆ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಭಾಯಿಯ ಅಂಗಡಿಗೆ ಷಟರ್ ಬಂತು, ಬಣ್ಣವೂ ಆಯಿತು. ಸಂಜೆ ಬಸ್ಸು ಬದಲಿಸುವಾಗ ನೋಡುತ್ತಿದ್ದೆ. ಹಿಂಭಾಗದಲ್ಲಿ ಹೊಸ ತೊಟ್ಟಿ ಕೂರಿಸಿ, ಖಾಲಿ ಉಪ್ಪುನೀರು ಓಡಿಸುತ್ತಿದ್ದರು. ಅವರು ಏನೂ ಕೇಳುತ್ತಿರಲಿಲ್ಲ, ಚಹಾ ತರಿಸಿಕೊಟ್ಟು ಬೇರೆ ಮಾತಾಡುತ್ತಿದ್ದರು.

ಶ್ರಾವಣದಲ್ಲಿ ಒಂದು ಸಂಜೆ ಕಾಲೇಜಿನಿಂದ ಬಂದು ಲೈಟು ಆರುವ ಮೊದಲು ತೊಟ್ಟಿಯ ಮುಂದೆ ಕೂತಾಗ ಮೋಟಿನ ಅಂಚಿನಲ್ಲಿ ಏನೋ ಅಲುಗಿದಂತಾಯಿತು. ಕನ್ನಡಕ ಹಾಕಿಕೊಂಡು ನೋಡಿದೆ. ಸುತ್ತಲೂ ಒಂದು ಸಾಲು ಎಸಳು, ಎಳೆ ಮಗುವಿನ ರೆಪ್ಪೆಯಷ್ಟು. ಕೊಯ್ದ ಜಾಗ ಉಬ್ಬಿ ಅಂಚು ಕಟ್ಟಿತ್ತು. ಬಿಳಿಚು ಹೋಗಿ, ಕೊಳೆತ ಕಂದಲ್ಲ, ಜೀವವಿರುವ ಹವಳದ ತಿಳಿಗಂದು ಬಣ್ಣ ತಿರುಗಿತ್ತು. ಚಿಕ್ಕವ್ವನನ್ನು ಕರೆದೆ. ಅವಳು ಮಂಡಿ ಹಿಡಿದುಕೊಂಡು ಬಗ್ಗಿ ನೋಡಿ, "ಬಂತಲ್ಲ" ಎಂದಷ್ಟೇ ಹೇಳಿ ಸೊಪ್ಪು ಸೋಸಲು ಹೋದಳು. ಅಷ್ಟು ಕಡಿಮೆ ಮಾತು ಅವಳ ಸ್ವಭಾವವಲ್ಲ ಎಂದು ನನಗೆ ಅನ್ನಿಸಿದ್ದು ಆಮೇಲೆ, ನೀರು ಪರೀಕ್ಷೆ ಮಾಡಿದ ಮೇಲೆ.

ನಳಿಕೆಯಲ್ಲಿ ತೆಳುವಾದ ನೀಲಿ ಇತ್ತು. ಬೆಳ್ಳನೆಯ ಕಾಗದದ ಮೇಲೆ ಹಿಡಿದರೆ ಮಾತ್ರ ಕಾಣುವಷ್ಟು. ಪುಸ್ತಕದಲ್ಲಿ ಇರಬೇಕು ಎಂದು ಬರೆದಿರುವಷ್ಟೇ.

ಸೊನ್ನೆ ಇದ್ದದ್ದು ಹೇಗೆ ಮೇಲೆ ಬಂತು. ಹರಳಿನ ಚೀಲ ಬದಲಿಸಿ ಐದು ವಾರವಾಗಿತ್ತು, ಹೀರುವ ಶಕ್ತಿ ಮುಗಿದಿರಬಹುದು. ಮೀನಿನ ಆಹಾರವನ್ನು ನಾನೇ ಸ್ವಲ್ಪ ಹೆಚ್ಚಿಸಿದ್ದೆ, ಅದೂ ಇರಬಹುದು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಬರೆಯುತ್ತಾ ನನ್ನ ಮೇಲೆಯೇ ರೇಗಿತು, ಮತ್ತೆ ಅಷ್ಟು ಬೇಗ ವಿವರಣೆ ಸಿಕ್ಕಿತ್ತು. ಮನೆಯಲ್ಲಿ ಮೂರನೆಯ ಕಾರಣವೊಂದು ಸೊಪ್ಪು ಸೋಸುತ್ತಾ ಕೂತಿತ್ತು. ಹಿಂದಿನ ಸಲ ಕೇಳದೆ ಕೆಟ್ಟಿದ್ದೆ. ಈ ಸಲ ಕೇಳಲೇಬೇಕು. ಕೇಳಿ, ಹೌದು ಅಂದರೆ ಏನು ಮಾಡುವುದು? ಬೇಡ ಅಂದ ಮೇಲೂ ಹಾಕಿದ್ದಕ್ಕೆ ಬೈಯಬೇಕು. ಬೈದು ನಿಲ್ಲಿಸಿ ಆ ಒಂದು ಸಾಲು ಎಸಳು ಹೋದರೆ? ಇಲ್ಲ ಅಂದರೆ ನಂಬುತ್ತೇನೆಯೇ? ನನ್ನ ನೆನಪನ್ನೇ ನಂಬದವಳು ಅವಳ ಮಾತನ್ನು ಯಾವ ಆಧಾರದ ಮೇಲೆ ನಂಬಲಿ? ಹವಳ ಮದ್ದೂರಿಗೆ ವಾಪಸ್ಸು ಹೋದ ಮೇಲೆ ಭಾಯಿ ಅದಕ್ಕೆ ಏನು ಕೊಡಬೇಕು, ಏನು ಕೊಡಬಾರದು ಎಂದು ನಾನು ಹೇಳಿಕಳಿಸಬೇಕಲ್ಲ. ಗೊತ್ತಿಲ್ಲ ಎಂದು ಹೇಳಿಕಳಿಸಲೇ?

ಅಡುಗೆಮನೆಗೆ ಹೋದೆ. ಬೋರಲು ಹಾಕಿದ್ದ ಲೋಟಗಳ ಸಾಲು ನೋಡಿದೆ. ಅದರಿಂದ ಏನೂ ತಿಳಿಯಲಿಲ್ಲ, ನಮ್ಮ ಮನೆಯಲ್ಲಿ ಎಲ್ಲ ಲೋಟಗಳೂ ಯಾವಾಗಲೂ ತೊಳೆದೇ ಇರುತ್ತವೆ. ಚಿಕ್ಕವ್ವ ದಂಟು ಮುರಿದು ಮೊರಕ್ಕೆ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಎದುರಿಗೆ ಕೂತು, ಆದಷ್ಟು ಸಮಾಧಾನದಿಂದ ಕೇಳಿದೆ.

"ಬೈಯಲ್ಲ ಚಿಕ್ಕವ್ವ, ನಿಜ ಹೇಳು. ನೀನು ಮತ್ತೆ ಹಾಕ್ತಾ ಇದ್ದೀಯಾ?"